ಬಿನವಿರೋಧ ರಾವಸಾಹೇಬ

ಏಕಸಂಬಿಯಿಂದ ಸ್ವಲ್ಪ ಆಚೆಗಿರುವ ಆ ಊರಿಗೆ ಹೋಗಿ ರಾವಸಾಹೇಬರ ಮನೆ ಎಲ್ಲಿ ಎಂದು ಕೇಳಿದರೆ, "ಯಾವ ರಾವಸಾಹೇಬ್ರು? ಬಿನವಿರೋಧ ರಾವಸಾಹೇಬ್ರೇನ್ರಿ?" ಎಂದು ತಿರುಗಿ ಕೇಳುತ್ತಿದ್ದರು. ಗಡಿಯ ಊರು. ಅಲ್ಲಿ ಕನ್ನಡದ ಮಾತು ಮುಗಿಯುವ ಮೊದಲೇ ಮರಾಠಿ ಬಂದು ಕೂತಿರುತ್ತದೆ. ಎದುರಾಳಿಯೇ ಇಲ್ಲದೆ, ಮತವೇ ಹಾಕದೆ ಪಂಚಾಯ್ತಿಗೆ ಆರಿಸಿ ಬರುವುದಕ್ಕೆ ಅವರು ಬಿನವಿರೋಧ ಅನ್ನುತ್ತಾರೆ. ಈ ಹೆಸರನ್ನು ಊರು ಅರ್ಧ ಗೌರವಕ್ಕೆ, ಅರ್ಧ ಚೇಷ್ಟೆಗೆ ಇಟ್ಟಿತ್ತು. ರಾವಸಾಹೇಬರು ಮಾತ್ರ ಪೂರ್ತಿ ಗೌರವವೆಂದೇ ಇಟ್ಟುಕೊಂಡಿದ್ದರು.

ಇಟ್ಟುಕೊಳ್ಳುವುದಕ್ಕೆ ಕಾರಣವೂ ಇತ್ತು. ಸುತ್ತಲಿನ ಊರುಗಳಲ್ಲಿ ಪಂಚಾಯ್ತಿ ಚುನಾವಣೆ ಬಂತೆಂದರೆ ಅಣ್ಣತಮ್ಮಂದಿರ ಮಾತು ಕಡಿಯುತ್ತಿತ್ತು, ಬೀಗರು ಬೀಗರ ಮದುವೆಗೆ ಹೋಗುತ್ತಿರಲಿಲ್ಲ, ಸೆರೆಯ ಬಾಟಲಿಗಳು ಗಟಾರದಲ್ಲಿ ಬಿದ್ದಿರುತ್ತಿದ್ದವು. ಇವರ ಊರಲ್ಲಿ ಅದೊಂದೂ ಇಲ್ಲ. ಚುನಾವಣೆ ಗೊತ್ತಾದ ಕೂಡಲೇ ಹಿರಿಯರೆಲ್ಲ ವಿಠ್ಠಲ ಗುಡಿಯ ಮಂಟಪದಲ್ಲಿ ಕೂಡುತ್ತಿದ್ದರು. ಯಾವ ಸೀಟಿಗೆ ಯಾರು ಎಂದು ಮಾತಾಡಿ, ತೆಂಗಿನಕಾಯಿ ಒಡೆದು, ಪ್ರಸಾದ ತಿಂದು ಏಳುತ್ತಿದ್ದರು. ಮರುದಿನ ಸೀಟಿದ್ದಷ್ಟೇ ಅರ್ಜಿ. ಪೇಪರಿನವರು ಬಂದು ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಈ ಪದ್ಧತಿ ಹಾಕಿಕೊಟ್ಟವರು ರಾವಸಾಹೇಬರು. ತಾವು ಒಮ್ಮೆಯೂ ಸೀಟು ಕೇಳಿದವರಲ್ಲ, ಯಾರ ಮನೆಯ ಚಹಾಕ್ಕೂ ಬಾಯಿ ಚಾಚಿದವರಲ್ಲ. ಊರ ಉಸಾಬರಿಯನ್ನು ಹೊತ್ತು ತಿರುಗಿದ್ದರಿಂದ ಅವರ ದ್ರಾಕ್ಷಿ ತೋಟ ಎರಡು ಸಲ ರೋಗಕ್ಕೆ ಬಿದ್ದಿತ್ತು. ಆದರೆ ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಗುಣ ಒಂದಿತ್ತು, ಅದನ್ನು ಅವರ ಹೆಂಡತಿ ಅಕ್ಕವ್ವನನ್ನು ಕೇಳಿದರೆ ಚೆನ್ನಾಗಿ ಹೇಳಿಯಾರು.

ಸಂಜೆ ಹಾಲಿನ ಡೇರಿಯ ಕಟ್ಟೆಯೇ ಅವರ ವಿಧಾನಸಭೆ. ಅಲ್ಲಿ ಅವರ ಜೋಡಿ ಬಾಳು. ಬಾಳು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು, ಊರ ತೆಂಕಣ ಓಣಿಯ ದಲಿತ ಬೌದ್ಧರ ಮನೆತನ. ಇಬ್ಬರೂ ಒಂದೇ ಸಾಲೆಯಲ್ಲಿ ಒಂದೇ ಮಾಸ್ತರರ ಏಟು ತಿಂದವರು. ರಾವಸಾಹೇಬರ ಕೈಯಲ್ಲಿ ಕೊಲ್ಹಾಪುರದ ಮರಾಠಿ ಪೇಪರು, ಬಾಳು ಅವರ ಕೈಯಲ್ಲಿ ಕನ್ನಡದ್ದು. ಎರಡನ್ನೂ ಓದಿ ಮುಗಿಸಿ ಅದಲುಬದಲು ಮಾಡಿಕೊಂಡು, ಮೀಸಲಾತಿಯಿಂದ ಹಿಡಿದು ಕಬ್ಬಿನ ದರದವರೆಗೆ ಎಲ್ಲಕ್ಕೂ ಜಗಳ ತೆಗೆಯುತ್ತಿದ್ದರು. ರಾವಸಾಹೇಬರಿಗೆ ಸಿಟ್ಟು ಬೇಗ ಬರುತ್ತಿತ್ತು. ಬಾಳು ಅವರಿಗೆ ಬರುತ್ತಲೇ ಇರಲಿಲ್ಲ, ಅದೇ ರಾವಸಾಹೇಬರ ಸಿಟ್ಟನ್ನು ಇನ್ನಷ್ಟು ಹೆಚ್ಚಿಸುತ್ತಿತ್ತು. "ನಮ್ಮ ಊರಾಗ ಜಾತಿ ಇಲ್ಲ ನೋಡು ಬಾಳೂ. ಇದ್ದಿದ್ರ ನೀ-ನಾ ಹಿಂಗ ಒಂದ ಕಟ್ಟಿ ಮ್ಯಾಲ ಕುಂದ್ರತಿದ್ವೇನು?" ಎಂದು ಅವರು ಕೇಳಿದಾಗಲೆಲ್ಲ ಬಾಳು ಕನ್ನಡಕ ಒರೆಸಿಕೊಂಡು ಮುಂದಿನ ಪುಟ ತಿರುವುತ್ತಿದ್ದರು.

ಎರಡು ಸಾವಿರದ ಹತ್ತರ ಬೇಸಿಗೆಯಲ್ಲಿ ಮತ್ತೆ ಚುನಾವಣೆ ಬಂತು. ಮತ್ತೆ ಗುಡಿ, ಮತ್ತೆ ಕಾಯಿ. ಅವರ ವಾರ್ಡಿಗೆ ಎರಡು ಸೀಟು, ಒಂದು ಸಾಮಾನ್ಯ, ಇನ್ನೊಂದು ಪರಿಶಿಷ್ಟ ಜಾತಿಯ ಮಹಿಳೆಗೆ ಮೀಸಲು. ಸಾಮಾನ್ಯ ಸೀಟಿಗೆ ಈ ಸಲ ಹಿರಿಯರು ರಾವಸಾಹೇಬರ ಮಗ ರೋಹನನ ಹೆಸರು ಎತ್ತಿದರು. ಇಷ್ಟು ವರ್ಷ ಊರಿಗೆ ದುಡಿದ ಮನೆತನ, ಇದೊಂದಾದರೂ ಆಗಲಿ ಎಂದರು. ರಾವಸಾಹೇಬರು ಮೊದಲು ಬೇಡವೆಂದರು, ಆಮೇಲೆ ಸುಮ್ಮನಾದರು. ಮಗನ ಹೆಸರು ಊರ ಬಾಯಲ್ಲಿ ಬಂದದ್ದಕ್ಕೆ ಅವರ ಎದೆ ಉಬ್ಬಿದ್ದು ಸುಳ್ಳಲ್ಲ. ಮೀಸಲು ಸೀಟಿಗೆ ಹೋದ ಸಲದ ಲಕ್ಕವ್ವನನ್ನೇ ಮುಂದುವರಿಸಲು ಯಜಮಾನ ದಾದಾಸಾಹೇಬರು ಸೂಚಿಸಿದರು. ಲಕ್ಕವ್ವ ಅವರ ಹೊಲದಲ್ಲೇ ಕೂಲಿ ಮಾಡುವ ಮುದುಕಿ. ಎಲ್ಲಿ ಹೆಬ್ಬೆಟ್ಟು ಒತ್ತು ಅಂದರೆ ಅಲ್ಲಿ ಒತ್ತುತ್ತಿದ್ದಳು, ಪಂಚಾಯ್ತಿಯ ಕುರ್ಚಿ ಮೆತ್ತಗಿದೆಯೋ ಗಟ್ಟಿಯಿದೆಯೋ ಅವಳಿಗೆ ಗೊತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಊರಿಗೆ ಊರೇ ಬೆಚ್ಚಿತು. ಆ ಮೀಸಲು ಸೀಟಿಗೆ ಇನ್ನೊಂದು ಅರ್ಜಿ ಬಿದ್ದಿತ್ತು. ಹಾಕಿದವಳು ಸಾರಿಕಾ, ಬಾಳು ಅವರ ಸೊಸೆ.

ದಾದಾಸಾಹೇಬರು ತಾವೇ ರಾವಸಾಹೇಬರ ಮನೆಗೆ ಬಂದರು. "ಬಾಳು ನಿನ್ನ ದೋಸ್ತ. ನೀ ಒಂದ ಮಾತ ಹೇಳಿದ್ರ ಅರ್ಜಿ ಹಿಂದ ತಗೊಂತಾರ. ಇಲ್ಲಂದ್ರ ನಿನ್ನ ಹೆಸರಿಗೆ ಏನ ಬೆಲಿ ಉಳೀತು?" ಎಂದರು. ಕೊನೆಯ ಮಾತು ನಾಟಬೇಕಾದಲ್ಲಿ ನಾಟಿತು. ರಾವಸಾಹೇಬರು ಟೋಪಿ ಹಾಕಿಕೊಂಡು ಹೊರಟರು.

ಬಾಳು ಅವರ ಮನೆ ಹುಡುಕುವುದಕ್ಕೆ ಅವರು ಓಣಿಯಲ್ಲಿ ಒಬ್ಬರನ್ನು ಕೇಳಬೇಕಾಯಿತು. ಅಷ್ಟು ವರ್ಷದ ಗೆಳೆತನ ಇದ್ದದ್ದು ಡೇರಿ ಕಟ್ಟೆಯ ಮೇಲೆ, ಮನೆಗೆ ಅವರು ಬಂದದ್ದು ಅದೇ ಮೊದಲು. ಇದು ಅವರಿಗೆ ಹೊಳೆದದ್ದು ಬಾಗಿಲಲ್ಲಿ ಚಪ್ಪಲಿ ಬಿಡುವಾಗ. ಹೊಳೆದದ್ದಕ್ಕೆ ನಾಚಿಕೆಯೂ ಆಯಿತು, ಆ ನಾಚಿಕೆ ಮುಚ್ಚಿಕೊಳ್ಳಲು ಅವರು ಜೋರಾಗಿಯೇ ಒಳಗೆ ನುಗ್ಗಿದರು.

"ಬರ್ರಿ ರಾವಸಾಹೇಬ್ರ, ಕುಂದರ್ರಿ," ಎಂದು ಬಾಳು ಖುರ್ಚಿ ಸರಿಸಿದರು. ಸಾರಿಕಾ ಚಹಾ ತಂದಿಟ್ಟಳು. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿರುವ, ಬಾಳು ಅವರ ಮಗ ಸಮಾಧಾನನ ಹೆಂಡತಿ ಅವಳು. ಹಿಂದಿನ ವರ್ಷದಿಂದ ಆಶಾ ಕಾರ್ಯಕರ್ತೆಯಾಗಿ ಬಸುರಿ ಬಾಣಂತಿಯರನ್ನು ನೋಡಿಕೊಳ್ಳುತ್ತ ಊರ ಎಲ್ಲ ಓಣಿ ತಿರುಗಿದವಳು. ರಾವಸಾಹೇಬರು ಚಹಾ ಕುಡಿದರು, ಕುಡಿದದ್ದು ಎಲ್ಲರಿಗೂ ಕಾಣಲಿ ಎನ್ನುವಂತೆ ಕಪ್ಪನ್ನು ಸ್ವಲ್ಪ ಎತ್ತರದಲ್ಲೇ ಹಿಡಿದಿದ್ದರು.

ಆಮೇಲೆ ಮಾತಿಗೆ ಇಳಿದರು. ಚೆನ್ನಾಗಿಯೇ ಮಾತಾಡಿದರು. ಪಕ್ಕದ ಊರಿನಲ್ಲಿ ಒಂದು ಸೀಟಿಗಾಗಿ ತಲೆ ಒಡೆದುಕೊಂಡವರ ಕಥೆ ಹೇಳಿದರು. ಚುನಾವಣೆ ಬಂದರೆ ಮೊದಲು ಪೆಟ್ಟು ತಿನ್ನುವುದು ಬಡವರ ಓಣಿಯೇ ಎಂದರು, ಅದು ಸುಳ್ಳೂ ಅಲ್ಲ. "ಊರು ಒಂದಾಗಿ ಇರಬೇಕವ್ವಾ. ಅದಕ್ಕ ನಾ ಇಷ್ಟು ವರ್ಷ ಬಡಕೊಂಡೀನಿ," ಎಂದು ಮುಗಿಸಿದರು.

ಸಾರಿಕಾ ಪೂರ್ತಿ ಕೇಳಿಸಿಕೊಂಡಳು. "ಕಾಕಾ, ನಿನ್ನಿ ಮೀಟಿಂಗಿಗೆ ನಮ್ಮ ಓಣಿಯವರು ಯಾರ ಬಂದಿದ್ರ್ರಿ?" ಎಂದು ಕೇಳಿದಳು.

"ಡಂಗುರ ಸಾರಿಸಿದ್ದೆ. ಎಲ್ಲಾರನೂ ಕರದಿದ್ದೆ. ನಿಮ್ಮವರು ಯಾರೂ ಬರಲಿಲ್ಲ."

"ಎಲ್ಲಿಗ ಕರದಿದ್ರಿ?"

"ಇನ್ನೆಲ್ಲಿಗೆ, ಗುಡಿಗೆ."

ಸಾರಿಕಾ ದನಿ ಏರಿಸಲಿಲ್ಲ. "ಆ ಗುಡಿ ಮೆಟ್ಟಲಾ ನಮ್ಮ ಮಾವಾರು ಒಮ್ಮೆರೆ ಹತ್ತ್ಯಾರೇನ್ರಿ? ಮದಲ ಹತ್ತಾಕ ಬಿಡಲಿಲ್ಲ. ಈಗ ನಾವು ಬೌದ್ಧರಾಗೀವಿ, ಹತ್ತೂದು ನಮಗ ಬೇಕಾಗಿಲ್ಲ. ವಿರೋಧ ಮಾಡವ್ರು ಒಳಗ ಇದ್ರಲ್ಲೇನ್ರಿ ಕಾಕಾ ವಿರೋಧ ಕೇಳಿಸೂದು?"

ರಾವಸಾಹೇಬರು ಬಾಳು ಅವರ ಕಡೆ ನೋಡಿದರು. "ಏನಲೇ ಬಾಳೂ, ಇದನ್ನ ನೀ ನನಗ ಯಾಕ ಹೇಳಲಿಲ್ಲ? ದಿನಾ ಕೂಡತಿದ್ವಲ್ಲೋ."

"ನೀವು ಕೇಳಲಿಲ್ಲಲ್ರಿ," ಎಂದರು ಬಾಳು. "ಊರಾಗ ಜಾತಿ ಇಲ್ಲ ಅಂತ ನೀವ ಹೇಳತಿದ್ರಿ. ಒಬ್ಬನ ಒಬ್ಬ ಗೆಳ್ಯಾ ನನಗ. ಅವನ ಮಾತು ಮುರದು ಏನ ಮಾಡಲಿ ಅಂತ ಸುಮ್ಮನಿದ್ದೆ. ಅದು ನನ್ನ ತಪ್ಪು. ಸೊಸಿ ನನಗಿಂತ ಗಟ್ಟಿ ಅದಾಳ್ರಿ."

ರಾವಸಾಹೇಬರು ಸಿಟ್ಟಿನಿಂದಲೇ ಎದ್ದು ಬಂದರು. ಮೊದಲು ಸಾರಿಕಾಳ ಮೇಲೆ ಸಿಟ್ಟು, ಓಣಿ ದಾಟುವಾಗ ಬಾಳು ಅವರ ಮೇಲೆ ಸಿಟ್ಟು, ಗುಡಿಯ ಮುಂದೆ ಬಂದಾಗ ಬೈಯಲು ತಮ್ಮನ್ನು ಬಿಟ್ಟು ಬೇರೆ ಯಾರೂ ಉಳಿದಿರಲಿಲ್ಲ. ಡಂಗುರ ಸಾರಿಸಿದವರು ತಾವು, ಜಾಗ ಗೊತ್ತು ಮಾಡಿದವರೂ ತಾವು. ಇಷ್ಟು ವರ್ಷ ಊರು ಒಂದಾಗಿದೆ ಎಂದು ಮೆರೆದದ್ದು ಅರ್ಧ ಊರನ್ನು ಹೊರಗಿಟ್ಟು. ಒಳ್ಳೆಯ ಮನುಷ್ಯನಿಗೆ ತನ್ನ ಒಳ್ಳೆಯತನದಲ್ಲೇ ಹುಳು ಕಂಡರೆ ಆಗುವ ಸಂಕಟ ಸಣ್ಣದಲ್ಲ. ಅವರು ಅನ್ನ ಬಿಟ್ಟು ಮಲಗಿದರು.

ಮರುದಿನ ಅರ್ಜಿ ಹಾಕಲು ಕೊನೆಯ ದಿನ. ಬೆಳಿಗ್ಗೆ ಎದ್ದವರೇ ಡಂಗುರದವನನ್ನು ಕರೆಸಿ, ಎಲ್ಲರೂ ಸಾಲೆಯ ಮೈದಾನಕ್ಕೆ ಬರಬೇಕು, ಗುಡಿಗಲ್ಲ, ಎಂದು ಸಾರಿಸಿದರು. ಹಿರಿಯರು ಗೊಣಗುತ್ತ ಬಂದರು. ತೆಂಕಣ ಓಣಿಯವರು ಬಂದು ಬೇವಿನ ಮರದ ಕೆಳಗೆ ನಿಂತರು. ಸಾರಿಕಾ ಮುಂದೆ ಬಂದು ಕೂತಳು, ಬಾಳು ಅವಳ ಪಕ್ಕಕ್ಕೆ.

"ಸಾರಿಕಾ ಅರ್ಜಿ ಹಿಂದ ತಗೊಳ್ಳಂಗಿಲ್ಲ. ನಾ ತಗೋ ಅಂತ ಹೇಳಂಗೂ ಇಲ್ಲ," ಎಂದರು ರಾವಸಾಹೇಬರು. "ಲಕ್ಕವ್ವನೂ ನಿಲ್ಲಲಿ, ಇಕಿನೂ ನಿಲ್ಲಲಿ. ಮಂದಿ ಆರಿಸಲಿ. ಈ ಸಲ ನಮ್ಮ ಊರಾಗ ಚುನಾವಣೆ."

ದಾದಾಸಾಹೇಬರು ಕೆಂಡವಾದರು. "ಊರು ಒಡೀತೈತಿ, ತಿಳೀತೈತಿಲ್ಲೋ ನಿನಗ?"

"ಒಡದದ್ದು ಇವತ್ತ ಅಲ್ರಿ. ನಮಗ ಕಂಡದ್ದು ಇವತ್ತ."

"ಭಾಳ ಶಾಣ್ಯಾ ಆದಿ! ಮಂದಿ ಸೀಟಿಗೆ ಚುನಾವಣೆ, ನಿನ್ನ ಮಗನ ಸೀಟು ಮಾತ್ರ ಬಿನವಿರೋಧ. ಮದಲ ಅದನ್ನ ಬಿಡು, ಆಮ್ಯಾಲ ನಮಗ ಬುದ್ಧಿ ಹೇಳು."

ದಾದಾಸಾಹೇಬರ ಮಾತಿನಲ್ಲಿ ವಿಷವಿತ್ತು, ಆದರೆ ನ್ಯಾಯವೂ ಇತ್ತು. ರಾವಸಾಹೇಬರು ಮಗನನ್ನು ಹುಡುಕಿ ನೋಡಿದರು. ರೋಹನ ಬೈಕಿಗೆ ಒರಗಿ ನಿಂತಿದ್ದ, ಅವನ ಅಂಗಿ ಹೊಸದು. ಒಂದು ಗಳಿಗೆ ಅಪ್ಪನ ಕರುಳು ಜಗ್ಗಿತು. ಮರುಗಳಿಗೆಯಲ್ಲಿ ಮಾತು ಹೊರಗೆ ಬಿದ್ದಾಗಿತ್ತು.

"ಆತು. ನನ್ನ ಮಗನ ಸೀಟೂ ಬಯಲಿಗೆ ಬಂತು. ಯಾರಿಗೆ ನಿಲ್ಲೂದೈತಿ ನಿಲ್ರಿ."

ಮಧ್ಯಾಹ್ನದ ಹೊತ್ತಿಗೆ ಧನಪಾಲ ಅರ್ಜಿ ಹಾಕಿಯೇಬಿಟ್ಟ. ಧನಪಾಲ ಜೈನರವನು, ಗೊಬ್ಬರದ ಅಂಗಡಿ ಇಟ್ಟವನು, ನಾಲ್ಕು ಜನ ಮೆಚ್ಚುವ ಮನುಷ್ಯ. ರಾವಸಾಹೇಬರು ತಮ್ಮ ಕಾಲ ಮೇಲೆ ತಾವೇ ಚಪ್ಪಡಿ ಎಳೆದುಕೊಂಡರು ಎಂದು ಊರು ಬಾಯ್ತುಂಬ ನಕ್ಕಿತು. ಹೆಸರು ತೆಗೆದು "ಚುನಾವಣಿ ರಾವಸಾಹೇಬ" ಅಂದವರೂ ಇದ್ದರು.

ಮನೆಯಲ್ಲಿ ಯಾರೂ ನಗಲಿಲ್ಲ. ರೋಹನ ಊಟದ ತಾಟು ಸರಿಸಿ, "ಅಪ್ಪಾ, ಗುಡ್ಯಾಗ ನನ್ನ ಹೆಸರ ಹೇಳೂವಾಗ ನನ್ನ ಕೇಳಿದ್ರೇನು? ಇಲ್ಲ. ಇವತ್ತ ನನ್ನ ಸೀಟು ಬಯಲಿಗೆ ಒಗ್ಯೂವಾಗರೆ ಕೇಳಿದ್ರೇನು? ಅದೂ ಇಲ್ಲ," ಎಂದ. ಊರಿಗೆ ನ್ಯಾಯ ಹೇಳಿ ಬಂದ ಮನುಷ್ಯ ತನ್ನ ಅಡಿಗೆಮನೆಯಲ್ಲಿ ಸಿಕ್ಕಿಬಿದ್ದಿದ್ದ. ರಾವಸಾಹೇಬರು ಆ ತಾಟನ್ನು ಮತ್ತೆ ಮಗನ ಮುಂದಿಟ್ಟು, "ಈಗ ಕೇಳತೀನಪಾ. ನಿಲ್ಲತಿ ಏನ್, ಬಿಡತಿ?" ಎಂದರು. ರೋಹನ ಅವರ ಮುಖ ನೋಡಿದ. "ನಿಲ್ಲತೀನ್ರಿ. ಆದ್ರ ನಿಮ್ಮ ಹೆಸರ ಹೇಳಿ ಓಟ ಕೇಳಂಗಿಲ್ಲ," ಎಂದು ಎದ್ದುಹೋದ.

ಹೇಳಿದಂತೆಯೇ ಮಾಡಿದ. ಮನೆ ಮನೆಗೆ ಹೋದ, ತೆಂಕಣ ಓಣಿಗೂ ಹೋದ. ಅಲ್ಲಿನ ಹೆಂಗಸರು ಅವನನ್ನು ನಲ್ಲಿಯ ಹತ್ತಿರ ಕರೆದೊಯ್ದು, ನೀರು ಎಷ್ಟು ಸಣ್ಣಗೆ ಬೀಳುತ್ತದೆ ನೋಡು ಎಂದು ತೋರಿಸಿದರು. ಮರಳಿ ಬಂದವನು ಅಪ್ಪನಿಗೆ ಆ ನಲ್ಲಿಯ ಬಗ್ಗೆ ಒಂದು ತಾಸು ಜಗಳ ಮಾಡಿದ. ರಾವಸಾಹೇಬರು ಬೈಸಿಕೊಂಡರು, ಬೈಸಿಕೊಳ್ಳುತ್ತಲೇ ಒಳಗೊಳಗೆ ಖುಷಿಪಟ್ಟರು. ಡೇರಿ ಕಟ್ಟೆಯ ಮೇಲೆ ಬಾಳು ಮೊದಲಿನಂತೆ ಪೇಪರು ಹಿಡಿದು ಬಂದರು. ವ್ಯತ್ಯಾಸ ಇಷ್ಟೇ, ಈಗ ಅವರು ಎದುರು ಮಾತಾಡುತ್ತಿದ್ದರು. "ಅದು ಹಂಗಲ್ರಿ, ನೀವು ಹೇಳೂದು ತಪ್ಪೈತಿ," ಎಂದು ಶುರು ಮಾಡಿದರೆ ಹಾಲಿನ ಕ್ಯಾನು ತುಂಬಿ ಲಾರಿ ಹೋದರೂ ಅವರ ಮಾತು ಮುಗಿಯುತ್ತಿರಲಿಲ್ಲ. ಗುದ್ದಾಡುವ ಗೆಳೆಯ ಸಿಕ್ಕಿದ್ದಕ್ಕೆ ರಾವಸಾಹೇಬರಿಗೆ ವಯಸ್ಸು ಕಡಿಮೆಯಾದಂತಾಗಿತ್ತು.

ಮತದಾನದ ದಿನ ಸಾಲೆಯ ಮುಂದಿನಿಂದ ಹನುಮಪ್ಪನ ಕಟ್ಟೆಯವರೆಗೆ ಮಂದಿಯ ಪಾಳಿ ಬಂದಿತ್ತು. ತಲೆಯೂ ಒಡೆಯಲಿಲ್ಲ, ಬಾಟಲಿಯೂ ಬೀಳಲಿಲ್ಲ. ದಾದಾಸಾಹೇಬರು ಬಿಸಿಲಲ್ಲಿ ಲಕ್ಕವ್ವನ ಹಿಂದೆಯೇ ಪಾಳಿ ಹಿಡಿದು ನಿಂತಿದ್ದರು. ಅಕ್ಕವ್ವ ಇಳಕಲ್ ಸೀರೆ ಉಟ್ಟು ಓಣಿಯ ಹೆಂಗಸರ ಜೊತೆ ಹೋಗಿ ಬಂದರು, ಬೆರಳಿನ ಮಸಿಯನ್ನು ಎರಡು ದಿನ ತಿಕ್ಕಿ ತೊಳೆಯಲಿಲ್ಲ.

ಎಣಿಕೆ ಚಿಕ್ಕೋಡಿಯಲ್ಲಿ. ಸಾರಿಕಾ ದೊಡ್ಡ ಅಂತರದಿಂದ ಗೆದ್ದಳು, ಎಲ್ಲ ಓಣಿಗಳಲ್ಲೂ ಅವಳಿಗೆ ಮತ ಬಿದ್ದಿತ್ತು. ಬಾಳು ಗೇಟಿನ ಹೊರಗೆ ರಾವಸಾಹೇಬರನ್ನು ಅಪ್ಪಿಕೊಂಡು ಅತ್ತುಬಿಟ್ಟರು. ರಾವಸಾಹೇಬರು ಅವರ ಬೆನ್ನು ಸವರುತ್ತಿರುವಾಗಲೇ ಒಳಗಿನಿಂದ ಇನ್ನೊಂದು ಸುದ್ದಿ ಬಂತು. ರೋಹನ ಸೋತಿದ್ದ, ಒಂದೇ ಒಂದು ಮತದಿಂದ.

ಸಂಜೆ ಮನೆಗೆ ಬಂದ ರೋಹನ ಅಪ್ಪನ ಪಕ್ಕದಲ್ಲೇ ಊಟಕ್ಕೆ ಕೂತ. "ಐದ ವರ್ಷ ಅದಾವ್ರಿ. ಮುಂದಿನ ಸಲ ಗೆದ್ದ ತೋರಿಸತೀನಿ," ಎಂದ. ಅವನ ದನಿಯಲ್ಲಿ ಮುನಿಸಿರಲಿಲ್ಲ. ಆದರೆ ಆ ಒಂದು ಮತ ಯಾರದೆಂದು ರಾವಸಾಹೇಬರು ಲೆಕ್ಕ ಹಾಕುತ್ತಲೇ ಇದ್ದರು. ತಾವು ಹಾಕಿದ್ದು ಮಗನಿಗೇ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿಯ ಕಡೆ ತಿರುಗಿದರು.

"ಅಲ್ಲ, ನೀ ನಮ್ಮ ಹುಡುಗಗ ಹಾಕೀದಿ ಹೌದಲ್ಲೋ?"

ಅಕ್ಕವ್ವ ಹಂಚಿನ ಮೇಲಿನ ರೊಟ್ಟಿ ಹೊರಳಿಸಿದರು. "ಈ ಮನಿಗೆ ಸೊಸಿ ಆಗಿ ಬಂದಾಗಿಂದ ಪಂಚಾಯ್ತಿಗೆ ಯಾರು ಬೇಕು ಅಂತ ನನ್ನ ಒಬ್ಬರೂ ಕೇಳಿರಲಿಲ್ಲ ನೋಡ್ರಿ. ಗುಡಿ ಮುಂದಿನ ಹಾದ್ಯಾಗ ದಿನಾ ನೀರ ಹೊತ್ತೀನಿ, ಒಳಗ ಏನ ನಡದೈತಿ ಅಂತ ನನಗೂ ಯಾರೂ ಹೇಳಲಿಲ್ಲ. ಈ ಸಲ ಸರಕಾರ ನನ್ನ ಮುಂದ ಪಡದಾ ಕಟ್ಟಿ ಕೇಳೇತಿ. ನಾ ಅದಕ್ಕ ಹೇಳೀನಿ. ನಿಮಗ ಹೇಳಂಗಿಲ್ಲ."

ರೋಹನ ತುತ್ತು ನೆತ್ತಿಗೇರುವಂತೆ ನಕ್ಕ. ರಾವಸಾಹೇಬರು ತಾಟು ಮುಂದಕ್ಕೆ ಸರಿಸಿದರು. ಅಕ್ಕವ್ವ ಬಿಸಿ ರೊಟ್ಟಿ ತಂದು ಅವರ ತಾಟಿಗೆ ಹಾಕಿದರು.