ಡಿಗ್ರಿಗೆ ಬಂದ ಮುಯ್ಯಾಳು

ಮೆಜೆಸ್ಟಿಕ್‌ನಿಂದ ಚಿಕ್ಕಬಳ್ಳಾಪುರದ ಬಸ್ಸು ಹೊರಟಾಗ ಇನ್ನೂ ಮಂಜು ಕರಗಿರಲಿಲ್ಲ. ನನ್ನ ಅಕ್ಕನ ಮಗಳು ಮೇಘನಾ ಆಧಾರ್ ತೋರಿಸಿ ಸೊನ್ನೆ ರೂಪಾಯಿ ಟಿಕೆಟ್ ಪಡೆದಳು. ಗಂಡಸಾಗಿ ಹುಟ್ಟಿದ ತಪ್ಪಿಗೆ ನಾನು ದುಡ್ಡು ಕೊಟ್ಟೆ. ಅವಳ ತೊಡೆಯ ಮೇಲೆ ದಪ್ಪನೆಯ ಒಂದು ವರದಿ ಇತ್ತು, ಮುಖದಲ್ಲಿ ರಾತ್ರಿಯಿಡೀ ನಿದ್ದೆಗೆಟ್ಟ ಕಳೆ ಇತ್ತು.

ಅವಳು ಓದುತ್ತಿರುವುದು ಅಂತರರಾಷ್ಟ್ರೀಯ ಅಭಿವೃದ್ಧಿ ಎಂಬ ಡಿಗ್ರಿ. ತುಮಕೂರಿನ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತನಾದ ನನಗೂ ಅಂಥದ್ದೊಂದು ಓದು ಇದೆಯೆಂದು ಗೊತ್ತಿರಲಿಲ್ಲ. ಅದು ಕೈಗೆ ಸಿಗಬೇಕಾದರೆ ಅರ್ಥಶಾಸ್ತ್ರ ಆಗಬೇಕು, ಸಂಖ್ಯಾಶಾಸ್ತ್ರ ಆಗಬೇಕು, ಹೊರದೇಶದ ಒಂದು ಭಾಷೆ ಕಲಿಯಬೇಕು. ಇವೆಲ್ಲ ಅವಳಿಗೆ ಮುಗಿದಿದ್ದವು. ಉಳಿದದ್ದು ಒಂದೇ. ಒಂದು ಮನೆಯಲ್ಲಿ ತಿಂಗಳು ಕಾಲ ಇದ್ದು ಅವರ ದುಡಿಮೆಯ ಬಗ್ಗೆ ಬರೆಯಬೇಕು, ಬರೆದದ್ದನ್ನು ಅವರಿಗೇ ಓದಿ ಹೇಳಬೇಕು. "ಇದು ನಮ್ಮ ಬದುಕೇ ಹೌದು" ಎಂದು ಅವರು ಒಪ್ಪಿದರಷ್ಟೇ ಪಾಸು. ಒಪ್ಪದಿದ್ದರೆ ಮುಂದಿನ ವರ್ಷ ಮತ್ತೆ ಮೊದಲಿನಿಂದ. ಮೌಖಿಕ ಪರೀಕ್ಷೆ ಮರುದಿನ ಮಧ್ಯಾಹ್ನವೇ ಬೆಂಗಳೂರಿನಲ್ಲಿತ್ತು.

"ನಿನ್ನ ಜೊತೆಯವರು ನೇಪಾಳಕ್ಕೆ ಹೋದರು, ನೀನು ಶಿಡ್ಲಘಟ್ಟದಾಚೆಯ ಸಾದಲಿಗೆ. ಇದೆಂಥ ಅಂತರರಾಷ್ಟ್ರೀಯವೇ?" ಎಂದು ರೇಗಿಸಿದೆ.

"ಅಲ್ಲಿನ ರೇಷ್ಮೆ ಯಾವ್ಯಾವ ದೇಶಕ್ಕೆ ಹೋಗುತ್ತೆ ಗೊತ್ತಾ ಮಾವ?" ಎಂದಳು. ಗೊತ್ತಿರಲಿಲ್ಲ. ಕಿಟಕಿಯಲ್ಲಿ ನಂದಿಬೆಟ್ಟ ಬಂದದ್ದರಿಂದ ಮಾನ ಉಳಿಯಿತು. ತಲೆಯ ಮೇಲೆ ಮೋಡ ಹೊದ್ದು ಕೂತಿದ್ದ ಆ ಬೆಟ್ಟವನ್ನು ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ. ಅದರ ಬುಡದಲ್ಲಿ ದ್ರಾಕ್ಷಿ ತೋಟಗಳು ಉದ್ದಕ್ಕೂ ಹಬ್ಬಿದ್ದವು.

ಚಿಕ್ಕಬಳ್ಳಾಪುರದಲ್ಲಿ ಇಡ್ಲಿ ತಿಂದು ಶಿಡ್ಲಘಟ್ಟದ ಬಸ್ಸು ಹತ್ತಿದೆವು. ಅಲ್ಲಿಂದ ಸಾದಲಿಗೆ ಇಪ್ಪತ್ತು ಕಿಲೋಮೀಟರಿಗೂ ಮೇಲೆ. ಬಸ್ಸಿನೊಳಗೆ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತಿತ್ತು. ಹೊರಗೆ ಹೊಲದ ತುಂಬ ಹಿಪ್ಪುನೇರಳೆ ಸೊಪ್ಪು.

ಮೇಘನಾ ಇದ್ದ ಮನೆಯಲ್ಲಿ ಮುನಿಲಕ್ಷ್ಮಮ್ಮ, ಅವರ ಗಂಡ ಅಶ್ವತ್ಥಪ್ಪ, ಅತ್ತೆ ಯಲ್ಲಮ್ಮಜ್ಜಿ, ಈ ಮೂವರೇ. ನಾವು ಹೋದಾಗ ಮಾತ್ರ ಅಂಗಳದ ತುಂಬ ಜನ. ಮುನಿಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡು ಓಡಿ ಬಂದರು.

"ಅಯ್ಯೋ ಮೇಘನಮ್ಮಾ, ನಾಳೆ ಅಂತಿದ್ದ ಹುಳ ಇವತ್ತೇ ಹಣ್ಣಾಗ್ಬಿಟ್ವು ಕಣೇ! ಕೂತ್ಕೊಂಡು ಕೇಳೋಕೆ ಪುರುಸೊತ್ತೆಲ್ಲಿ?"

ಮೇಘನಾಳ ಮುಖ ಇಳಿದುಹೋಯಿತು. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ರೇಷ್ಮೆ ಹುಳುವನ್ನು ಕೂಡಲೇ ಆರಿಸಿ ಚಂದ್ರಿಕೆ ಎಂಬ ಬಿದಿರು ತಟ್ಟೆಗೆ ಬಿಡದಿದ್ದರೆ ಅದು ಸಿಕ್ಕಲ್ಲೇ ನೂಲು ಸುತ್ತಿ ಗೂಡು ಕೆಡಿಸುತ್ತದಂತೆ. "ನಾವೂ ಆರಿಸ್ತೀವಿ, ಆರಿಸ್ತಾನೇ ಓದ್ತೀನಿ" ಎಂದಳು. ಅಶ್ವತ್ಥಪ್ಪ ನನ್ನನ್ನು ಬಾಗಿಲಲ್ಲೇ ತಡೆದರು. "ಸಾರ್, ನಶ್ಯ ಹಾಕ್ತೀರಾ? ಡಬ್ಬಿ ತುಳಸಿಕಟ್ಟೆ ಮೇಲಿಟ್ಬಿಡಿ. ಹೊಗೆಸೊಪ್ಪು ಸೋಕಿದ್ರೆ ಹುಳ ಉಳಿಯಲ್ಲ." ಕೈಗೆ ಸೋಪು ಹಚ್ಚಿ ಉಜ್ಜಿ, ಔಷಧಿ ನೀರಿನಲ್ಲಿ ಕಾಲು ಅದ್ದಿ ಒಳಗೆ ಹೋದೆ.

ಒಳಗೆ ಕಂಡದ್ದನ್ನು ಈ ಜನ್ಮದಲ್ಲಿ ಮರೆಯಲಾರೆ. ಅಟ್ಟಣೆಯ ಮೇಲೆ ಅಟ್ಟಣೆ, ಎಲ್ಲದರ ಮೇಲೂ ಜೀವ. ತಿನ್ನುವುದನ್ನು ಬಿಟ್ಟ ಹುಳುಗಳು ಮಾಗಿದ ದ್ರಾಕ್ಷಿಯ ಹಾಗೆ ಬೆಳಕು ಹಾಯುವ ಮೈಯಾಗಿ, ತಲೆಯೆತ್ತಿ ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದವು. ಒಂದನ್ನು ಚಂದ್ರಿಕೆಗೆ ಬಿಟ್ಟೆ. ಆ ಪುಟ್ಟ ಬಾಯಿಂದ ಎಳೆ ಹೊರಟದ್ದು ಬಿಸಿಲಿಗೆ ಮಿನುಗಿತು. ನನ್ನ ಕಣ್ಣು ತುಂಬಿ ಬಂತು. ನಾಚಿಕೆಯೇನಿಲ್ಲ, ಹೇಳಿಬಿಡುತ್ತೇನೆ.

ಮೇಘನಾ ವರದಿಯನ್ನು ಕಿಟಕಿಯ ಮೇಲಿಟ್ಟು, ಆರಿಸುತ್ತ ಓದಿದಳು. ಕನ್ನಡದಲ್ಲಿ ತೊಡಕಾದಲ್ಲಿ ಕಲಿತಷ್ಟು ತೆಲುಗು ಸೇರಿಸಿದಳು. ಹೆಂಗಸರು ಹೂಂಗುಡುತ್ತಿದ್ದರು. "ಈ ಮನೆಯಲ್ಲಿ ಬೆಳೆಗೆ ದುಡಿಯುವವರು ಮೂವರು, ಅಕ್ಕಪಕ್ಕದವರದು ಉಚಿತ ಸಹಾಯ" ಎಂಬಲ್ಲಿಗೆ ಬಂದಾಗ ಮುನಿಲಕ್ಷ್ಮಮ್ಮನ ಕೈ ನಿಂತಿತು.

"ಅದಿ ಕಾದಮ್ಮಾ" ಎಂದರು. ಅದಲ್ಲ ಎಂದು.

ಪಕ್ಕದ ಮನೆಯ ರತ್ನಮ್ಮ ನಕ್ಕರು. "ಉಚಿತನಾ? ನಾಳಿದ್ದು ನಮ್ಮನೇಲಿ ಹಣ್ಣಾಗ್ತವೆ. ಈ ಅಕ್ಕ ಬರ್ಲಿಲ್ಲಾಂದ್ರೆ ಸುಮ್ನೆ ಬಿಡ್ತೀನಾ? ಮುಯ್ಯಾಳು ಕಣಮ್ಮಾ ಇದು. ಇವತ್ತು ನಾನು ಇವ್ರಿಗೆ ಆಳು, ನಾಳಿದ್ದು ಇವ್ರು ನಮಗೆ ಆಳು."

ಮೇಘನಾ ಇದ್ದ ತಿಂಗಳಲ್ಲಿ ಹುಳು ಹಣ್ಣಾಗುವ ಹೊತ್ತಿಗೆ ಅವಳು ಬೇರೊಂದು ಪರೀಕ್ಷೆಗೆಂದು ಬೆಂಗಳೂರಿಗೆ ಹೋಗಿದ್ದಳಂತೆ. ಈ ದಿನವನ್ನು ಅವಳು ಕಂಡೇ ಇರಲಿಲ್ಲ.

"ಹಿಂಗೆ ಬರೆದ್ರೆ ನಾನು ಒಪ್ಪಲ್ಲ" ಎಂದರು ಮುನಿಲಕ್ಷ್ಮಮ್ಮ. ಕೋಪದಿಂದಲ್ಲ, ಉಪ್ಪು ಕಡಿಮೆಯಾಗಿದೆ ಎನ್ನುವಷ್ಟೇ ಸಹಜವಾಗಿ.

ಸಂಜೆ ಕೆಲಸ ಮುಗಿದ ಮೇಲೆ ಹಿತಕಿದ ಅವರೆಬೇಳೆ ಸಾರು, ಮುದ್ದೆ. ನಾನು ಎರಡು ಮುದ್ದೆ ನುಂಗಿದೆ, ಮೇಘನಾ ಅರ್ಧಕ್ಕೇ ಎದ್ದು ಜಗುಲಿಯಲ್ಲಿ ಹೆಂಗಸರನ್ನು ಕೇಳಿ ಕೇಳಿ ಬರೆಯಲು ಕೂತಳು. ಬೆಳಿಗ್ಗೆ ಕಾಫಿಯ ಹೊತ್ತಿಗೆ ಹೊಸ ಪುಟಗಳನ್ನು ಓದಿದಳು. ಯಾರ ಮನೆಯ ದಿನಕ್ಕೆ ಯಾರು, ಬರಲಾಗದವರ ಬದಲು ಯಾರು, ಎಲ್ಲ ಇತ್ತು. ಮುನಿಲಕ್ಷ್ಮಮ್ಮ ಕೊನೆವರೆಗೂ ಕೇಳಿದರು. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಲೋಟ ತೆಗೆದುಕೊಂಡು ಒಳಗೆ ಹೋದರು.

ಬಸ್ಸಿಗೆ ಹೊತ್ತಾಗಿತ್ತು. ನಿಲ್ದಾಣಕ್ಕೆ ಬಂದು ನಿಂತೆವು. "ಹೋಯ್ತು ಮಾವ, ಒಂದು ವರ್ಷ ಹೋಯ್ತು" ಎಂದು ಅವಳು ಕಣ್ಣೊರೆಸಿಕೊಂಡಳು. ನನಗೂ ಸಂಕಟವಾಯಿತು. ಜೇಬಿನಲ್ಲಿ ನಶ್ಯದ ಡಬ್ಬಿ ತಡಕಿದೆ. ಅದು ತುಳಸಿಕಟ್ಟೆಯ ಮೇಲೇ ಉಳಿದಿತ್ತು.

ಅಷ್ಟರಲ್ಲಿ ಮುನಿಲಕ್ಷ್ಮಮ್ಮ ಬಂದರು. ಮೈಮೇಲೆ ರೇಷ್ಮೆ ಸೀರೆ, ಒಂದು ಕೈಯಲ್ಲಿ ನನ್ನ ಡಬ್ಬಿ, ಇನ್ನೊಂದು ಕೈಯಲ್ಲಿ ಯಲ್ಲಮ್ಮಜ್ಜಿಯ ಕೈ.

"ನೆನ್ನೆ ನಮ್ಮ ಕೆಲಸಕ್ಕೆ ನೀವಿಬ್ರು ಬಂದ್ರಿ. ಇವತ್ತು ನಿನ್ನ ಕೆಲಸ ಅಲ್ವಾ ಮೇಘನಮ್ಮಾ? ಹುಳ ಚಂದ್ರಿಕೆಗೆ ಹತ್ತಿದ್ಮೇಲೆ ಸೊಪ್ಪಿನ ಗೋಜಿಲ್ಲ, ಮನೇಲಿ ಅವ್ರಿದ್ದಾರೆ. ನಾವಿಬ್ರೂ ಬರ್ತೀವಿ. ಸಾಯಂಕಾಲಕ್ಕೆ ಬಸ್ ಹತ್ತಿಸ್ಬಿಡು, ನಾಳೆ ರತ್ನಮ್ಮನ ಮನೆ ಇದೆ."

ಮೇಘನಾ ಬಾಯಿಬಿಟ್ಟುಕೊಂಡು ನಿಂತಳು. "ಅಂದ್ರೆ ನೀವು ಒಪ್ಪಿದ್ರಾ ಅಮ್ಮಾ?"

"ಒಪ್ದೇನೆ ಈ ಸೀರೆ ಉಡ್ತೀನಾ?"

ಬಸ್ಸು ಬಂತು. ಕಿಟಕಿಯ ಪಕ್ಕ ಕೂತ ಯಲ್ಲಮ್ಮಜ್ಜಿ ಮೇಘನಾಳನ್ನು ಕೇಳಿದರು, "ಅಲ್ಲಿ ನಾನೇನು ಕೆಲಸ ಮಾಡ್ಬೇಕವ್ವಾ?"

"ನಾನು ಓದ್ತೀನಿ ಅಜ್ಜಿ. ನೀವು ಕೂತು ಕೇಳ್ಬೇಕು. ತಪ್ಪಿದ್ರೆ ಅಲ್ಲೇ ಎಲ್ಲರ ಮುಂದೆ ಹೇಳ್ಬೇಕು."

"ಹೇಳ್ತೀನಿ ಬಿಡು" ಎಂದು ಅಜ್ಜಿ ಕೆಲಸಕ್ಕೆ ಹೊರಟವರಂತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.