ಕಾರಿಗೆ ತಾಗಿದ ದೃಷ್ಟಿ

ಝಳಕಿ ಹತ್ತಿರದ ಏರಿನಲ್ಲಿ, ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡಿದ್ದ ಟ್ರ್ಯಾಕ್ಟರ್ ನನ್ನ ಕಾರನ್ನು ಹಿಂದೆ ಹಾಕಿತು. ನಾನೋ ಆಕ್ಸಿಲರೇಟರ್ ಪೂರ್ತಿ ಒತ್ತಿ ಕೂತಿದ್ದೆ. ಕರಿ ಹೊಗೆ ಬರುತ್ತಿತ್ತೇ ಹೊರತು ಕಾರು ಮುಂದಕ್ಕೆ ಹೋಗುತ್ತಿರಲಿಲ್ಲ.

ಎಂಜಿನ್ ಪೂರ್ತಿ ಬಿಚ್ಚಿಸಿ ಕಟ್ಟಿಸಿ ಎಂಟೇ ದಿನವಾಗಿತ್ತು. ಗ್ಯಾರೇಜಿಗೆ ಎರಡು ಸಲ ಹೋಗಿ ದೂರಿದ್ದೆ. ಮೊದಲ ಸಲ ಮಿಸ್ತ್ರಿ ಮಹಾಶಯ ಡೀಸೆಲ್ ಸರಿಯಿಲ್ಲ ಎಂದ. ಎರಡನೇ ಸಲ ಬಾನೆಟ್ಟನ್ನೂ ಎತ್ತದೆ, "ಸರ, ಗಾಡಿಗೆ ಯಾರದೋ ನೆದರ ಆಗೇತ್ರಿ" ಎಂದು ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ ಕಳಿಸಿದ. ವಿಜ್ಞಾನ ಕಲಿಸುವ ಮಾಸ್ತರನಾದ ನಾನು ಕಟ್ಟಿಸಿಕೊಂಡು ಬಂದೆ!

ನನ್ನ ಅವಸ್ಥೆ ನೋಡಿ ಟ್ರ್ಯಾಕ್ಟರಿನವನು ಏರು ದಾಟಿ ನಿಲ್ಲಿಸಿ ನಡೆದು ಬಂದ. ಎಂಜಿನ್ನಿಗೆ ಗಾಳಿ ಹೋಗುವ ಪೈಪು ಕಳಚಿ, ಒಳಗಿನಿಂದ ಎಣ್ಣೆ ಕುಡಿದ ಬಟ್ಟೆಯೊಂದನ್ನು ಎಳೆದ. ಕೆಂಪು ಅಂಚು ನೋಡಿದೊಡನೆ ಗುರುತಾಯಿತು. ಎಂಜಿನ್ ಬಿಚ್ಚುವ ದಿನ, ಕೈ ಒರೆಸಿಕೊಳ್ಳಲು ಮನೆಯಿಂದ ಹಳೆ ಬಟ್ಟೆ ತರಬೇಕೆಂದು ಮಿಸ್ತ್ರಿ ಹೇಳಿದಾಗ ನಾನೇ ಒಯ್ದುಕೊಟ್ಟ, ನನ್ನ ಹೆಂಡತಿಯ ಇಳಕಲ್ ಸೀರೆಯ ತುಂಡು!

ಕಾರು ಸರ್ರನೆ ಏರು ಹತ್ತಿತು. ಸೀದಾ ಗ್ಯಾರೇಜಿಗೆ ಹೋಗಿ ಬಟ್ಟೆ ತೋರಿಸಿದೆ. "ಧೂಳ ಒಳಗ ಹೋಗಬಾರದಂತ ನಾನೇ ತುರುಕಿದ್ನಿರಿ. ನಿಮ್ಮ ಗಾಡಿ ಅಂದ್ರ ಅಷ್ಟು ಕಾಳಜಿ ಮಾಡ್ತೇನ್ರಿ" ಎಂದ, ನಾಚಿಕೆಯಿಲ್ಲದೆ.

ಈಗ ನಿಂಬೆಹಣ್ಣಿದ್ದ ಜಾಗದಲ್ಲಿ ಆ ತುಂಡನ್ನೇ ಕಟ್ಟಿದ್ದೇನೆ. ಏನದು ಎಂದು ಕೇಳಿದವರಿಗೆ, ಒಬ್ಬ ಮಿಸ್ತ್ರಿಗೂ ಒಬ್ಬ ವಿಜ್ಞಾನ ಮಾಸ್ತರನಿಗೂ ಸಿಕ್ಕ ಸರ್ಟಿಫಿಕೇಟು ಎನ್ನುತ್ತೇನೆ.