ಹೊಗೆಗೆ ಸಮಪಾಲು

ಹೊಗೆಗೆ ದಾರಿ ಮಾಡಿಕೊಡುವುದು ಒಂದು ವಿದ್ಯೆ ಎಂಬುದು ಅರವತ್ತೊಂದು ವರ್ಷ ತುಂಬುವವರೆಗೂ ನನಗೆ ಗೊತ್ತಿರಲಿಲ್ಲ. ನಮ್ಮ ಹಳೇ ಅಡುಗೆಮನೆಯ ಹೊಗೆ ಯಾರ ಅಪ್ಪಣೆಯನ್ನೂ ಕೇಳುತ್ತಿರಲಿಲ್ಲ. ಹೆಂಚಿನ ಸಂದು, ಕಿಟಕಿ, ಅಮ್ಮನ ಕಣ್ಣು, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿಗೆ ಹೋಗುತ್ತಿತ್ತು. ಈಗ ನಾನು ಒಂದು ಎಂಜಿನ್ನಿನ ಹೊಗೆಯನ್ನು ಆಚೆ ಕಳಿಸಲು ನಾಲ್ಕು ತಿಂಗಳು ಒದ್ದಾಡಿದ್ದೇನೆ. ಒದ್ದಾಡಿ ಏನು ಕಲಿತೆ ಎಂದು ಕೇಳಬೇಡಿ, ಅದೇ ಸರಿಯಾಗಿ ಗೊತ್ತಾಗುತ್ತಿಲ್ಲ.

ನಾನು ಗಣಿತದ ಮೇಷ್ಟ್ರು. ನಿವೃತ್ತರಾದವರು ವಾಕಿಂಗ್ ಹೋಗುತ್ತಾರೆ, ಕಟ್ಟೆಯ ಮೇಲೆ ಕೂತು ತಂತಮ್ಮ ಸಕ್ಕರೆ ಕಾಯಿಲೆಯನ್ನು ಹೋಲಿಸಿಕೊಳ್ಳುತ್ತಾರೆ. ನನಗೆ ಮಾತ್ರ ಮನೆಯಲ್ಲೇ ಒಂದು ಕಾರು ಕಟ್ಟಬೇಕೆಂಬ ಹುಚ್ಚು ಹತ್ತಿತು. ಗುಜರಿಯಿಂದ ನಾಲ್ಕು ಸಿಲಿಂಡರಿನ ಹಳೇ ಎಂಜಿನ್ ತಂದೆ. ಕಬ್ಬಿಣದ ಚೌಕಟ್ಟು ಕಟ್ಟಿಸಿದೆ. ಇದೆಲ್ಲ ನಡೆದದ್ದು ಗಂಡಸಿ ಹತ್ತಿರದ ನಮ್ಮ ತೋಟದ ಕೊಬ್ಬರಿಮನೆಯಲ್ಲಿ. ಮೇಲೆ ಅಟ್ಟದಲ್ಲಿ ವರ್ಷದ ಕಾಯಿ ಒಣಗಿ ಕೊಬ್ಬರಿಯಾಗುತ್ತಾ ಕೂತಿರುತ್ತದೆ, ಕೆಳಗೆ ನಾನು ಸ್ಪ್ಯಾನರ್ ಹಿಡಿದು ಒಣಗುತ್ತಿದ್ದೆ.

ಜಾಗ ಕೊಟ್ಟವನು ತೋಟ ನೋಡಿಕೊಳ್ಳುವ ನಮ್ಮಣ್ಣ. ಕೊಡುವಾಗಲೇ ಹೇಳಿಬಿಟ್ಟ. "ಇಲ್ಲಿ ಹೊಗೆ ಎಬ್ಬಿಸ್ಬೇಡ ಕಣೋ. ಕೊಬ್ರಿಗೆ ಪೆಟ್ರೋಲ್ ವಾಸ್ನೆ ಹಿಡುದ್ರೆ ಒಂದ್ ವರ್ಷದ ಕಾಯಿ ಹಾಳು. ಇನ್ನ, ಅಟ್ಟದಿಂದ ಕಾಯಿ ಇಳ್ಸೋ ದಿನ ನಿನ್ ಗಾಡಿ ತಾನೇ ಓಡ್ಕೊಂಡು ಆಚೆ ಹೋಗ್ಬೇಕು. ಇಲ್ದಿದ್ರೆ ಗುಜರಿಯವನ್ನ ಕರುಸ್ತೀನಿ." ಇಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. "ನೀನು ಹಿಡಿದ ಕೆಲ್ಸ ಯಾವತ್ತು ಮುಗ್ಸಿದ್ದೀಯ ಹೇಳು?" ಎಂದೂ ಸೇರಿಸಿದ. ಪಿಟೀಲು, ಜೇನುಪೆಟ್ಟಿಗೆ, ಹೋಮಿಯೋಪತಿ, ಮೂರನ್ನೂ ಅರ್ಧಕ್ಕೆ ಬಿಟ್ಟವನು ನಾನು. ಅವನು ಹೇಳಿದ್ದು ನಿಜವಾಗಿದ್ದರಿಂದಲೇ ಮೈಯೆಲ್ಲ ಉರಿದುಹೋಯಿತು. ಈ ಕಾರನ್ನಾದರೂ ಮುಗಿಸಿ ಅಣ್ಣನ ಎದುರಿಗೇ ಓಡಿಸಬೇಕು, ಅಷ್ಟೇ ನನ್ನ ಹಟ.

ತೊಡಕು ಬಂದದ್ದು ಮ್ಯಾನಿಫೋಲ್ಡಿನಲ್ಲಿ. ನಾಲ್ಕು ಸಿಲಿಂಡರುಗಳ ಹೊಗೆಯನ್ನು ನಾಲ್ಕು ಕೊಳವೆಗಳಲ್ಲಿ ಈಸಿಕೊಂಡು, ಒಂದೇ ಬಾಯಿಗೆ ಸೇರಿಸಿ ಸೈಲೆನ್ಸರಿಗೆ ದಾಟಿಸುವ ಭಾಗ ಅದು. ಎಂಜಿನ್ ಜೊತೆ ಬಂದಿದ್ದ ಬೀಡುಕಬ್ಬಿಣದ್ದು ನನ್ನ ಚೌಕಟ್ಟಿಗೆ ಬಡಿಯುತ್ತಿತ್ತು. ಹೊಸದು ಮಾಡಿಸೋಣವೆಂದು ಮೊಬೈಲಿನಲ್ಲಿ ವಿಡಿಯೋಗಳನ್ನು ನೋಡಿದೆ. ನಾಲ್ಕೂ ಕೊಳವೆ ಒಂದೇ ಉದ್ದ ಇರಲೇಬೇಕು, ಆಗಲೇ ಹೊಗೆ ಒಂದನ್ನೊಂದು ತಳ್ಳಾಡದೆ ಸರಾಗ ಹೋಗುತ್ತದೆ ಎಂದ ಒಬ್ಬ. ಇನ್ನೊಬ್ಬ ಅದೆಲ್ಲ ಬರೀ ಭ್ರಮೆ ಎಂದ. ಮೂರನೆಯವನದನ್ನು ಪೂರ್ತಿ ನೋಡಿದ ಮೇಲೆ ನಾನು ಮೊದಲು ಕೇಳಿದ್ದ ಪ್ರಶ್ನೆಯೇ ಮರೆತುಹೋಯಿತು. ಕೊನೆಗೆ ಸಮ ಎಂಬ ಮಾತಿನ ಮೋಹಕ್ಕೆ ಬಿದ್ದೆ. ಗಣಿತದವನಲ್ಲವೇ!

ಅರಸೀಕೆರೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ರುದ್ರಾಚಾರ್ರಿಗೆ ಈ ಸಿದ್ಧಾಂತವನ್ನು ಬೋರ್ಡಿಲ್ಲದೆ, ನೆಲದ ಮೇಲೆ ಗೆರೆ ಎಳೆದು ವಿವರಿಸಿದೆ. ಹತ್ತಿರದ ಸಿಲಿಂಡರಿನ ಕೊಳವೆಯನ್ನೂ ಬಳಸಿ ತಂದು ದೂರದ್ದರಷ್ಟೇ ಉದ್ದ ಮಾಡಬೇಕು ಎಂದೆ. ಅವರು ಕನ್ನಡಕ ಹಣೆಗೇರಿಸಿ, "ಬಸ್‌ಸ್ಟ್ಯಾಂಡ್ ಎದುರ್‌ಗೇ ಮನೆ ಐತೆ ಅಂದ್ರೆ, ಅವ್ನೂ ಊರೆಲ್ಲ ಸುತ್ತಾಕ್ಕೊಂಡು ಬರ್ಬೇಕಾ ಮೇಷ್ಟ್ರೇ?" ಎಂದರು. ಮೂವತ್ತು ವರ್ಷ ಪಾಠ ಮಾಡಿದ ಯಾರಾದರೂ ಉತ್ತರ ಹೊಳೆಯದಿದ್ದಾಗ ಮಾಡುವುದನ್ನೇ ಮಾಡಿದೆ, ದನಿ ಏರಿಸಿದೆ.

ಒಂದು ಭಾನುವಾರ ಅವರನ್ನು ಬೇಲೂರಿಗೆ ಕರೆದುಕೊಂಡು ಹೋದೆ. ಕಲ್ಲನ್ನು ತಿರುಗಣಿಗೆ ಕೊಟ್ಟು ಕಡೆದಂತಿರುವ ಆ ಕಂಬಗಳನ್ನು ತೋರಿಸಿ, ಅಳತೆ ಅಂದರೆ ಇದು ನೋಡಿ ಎನ್ನಬೇಕೆಂಬ ಹುನ್ನಾರ. ಆಚಾರ್ರು ಒಂದೊಂದು ಕಂಬವನ್ನೂ ಸುತ್ತಿ, ಸವರಿ, ಬಾಗಿ ನೋಡಿದರು. ನಾನು ಕಾದೆ. "ಒಂದಿದ್ದಂಗೆ ಇನ್ನೊಂದಿಲ್ಲ ಮೇಷ್ಟ್ರೇ. ಸೂರು ಮಾತ್ರ ಬಿದ್ದಿಲ್ಲ" ಎಂದರು. ಎಷ್ಟೋ ಸಲ ಶಾಲೆಯ ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದೊಯ್ದಿದ್ದೇನೆ. ಮಕ್ಕಳ ತಲೆ ಎಣಿಸುವುದರಲ್ಲೇ ಮುಳುಗಿ ಕಂಬಗಳನ್ನು ನೋಡಿಯೇ ಇರಲಿಲ್ಲವೆಂದು ಅವತ್ತು ತಿಳಿಯಿತು. ಸೋತ ಮುಖ ಹೊತ್ತು ಹಳೇಬೀಡಿಗೆ ಹೋದರೆ ಅಲ್ಲಿ ಗುಡಿಯ ಮೇಲೆ ಗೋಪುರವೇ ಇಲ್ಲ. "ಇವ್ರೂ ಮುಗ್ಸಿಲ್ಲ ನೋಡಿ, ನೀವ್ಯಾಕೆ ಬೇಜಾರ್ ಮಾಡ್ಕೊತೀರಿ" ಎಂದು ಆಚಾರ್ರು ನನ್ನನ್ನು ಸಮಾಧಾನ ಮಾಡಿದರು. ಆ ಸಮಾಧಾನ ನನಗೆ ಬೇಕಿರಲಿಲ್ಲ.

ಆದರೂ ನನ್ನ ಹಟವೇ ಗೆದ್ದಿತು. ಆಚಾರ್ರು ಸಲಕರಣೆ ಸಮೇತ ತೋಟಕ್ಕೇ ಬಂದರು. ಬಾಗಿದ ಕೊಳವೆಗಳನ್ನು ತುಂಡು ತುಂಡು ಕತ್ತರಿಸಿ, ಅಲ್ಲಲ್ಲಿ ಚುಕ್ಕೆ ವೆಲ್ಡಿಂಗ್ ಇಟ್ಟು ಜೋಡಿಸಿದರು. ನನ್ನ ಹೆಂಡತಿಯ ಹೂ ಕಟ್ಟುವ ದಾರವನ್ನು ಒಂದೊಂದು ಕೊಳವೆಯೊಳಕ್ಕೂ ತೂರಿಸಿ ನಾನು ಅಳೆದೆ. ಒಂದು ಕೂದಲೆಳೆ ಹೆಚ್ಚಾದರೂ ಬಿಚ್ಚಿಸಿದೆ. "ಮಗಳ ಮದ್ವೆಗೂ ನೀವು ಇಷ್ಟು ತಲೆ ಕೆಡಿಸ್ಕೊಳ್ಲಿಲ್ಲ" ಎಂದಳು ಹೆಂಡತಿ. ಮ್ಯಾನಿಫೋಲ್ಡ್ ಕೂರಿಸಿದ ಮೇಲೆ ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿ ನೋಡಿದೆವು, ಕೊಳವೆ ಎಲ್ಲಿಯೂ ತಗುಲಲಿಲ್ಲ. ಎಡಗಡೆ ತೆಂಗಿನ ಮಟ್ಟೆಯ ರಾಶಿ ಚಕ್ರಕ್ಕೆ ಒತ್ತಿಕೊಂಡಿತ್ತು, ಆ ಕಡೆಗೆ ತಿರುಗಿಸಲಾಗಲಿಲ್ಲ. ಬಲಕ್ಕೆ ತಿರುಗುವುದು ಎಡಕ್ಕೂ ತಿರುಗುತ್ತದೆ, ಅದು ಸ್ವಯಂಸಿದ್ಧ ಎಂದೆ. ರಾಶಿ ಸರಿಸಲು ಇಬ್ಬರಿಗೂ ಸೋಮಾರಿತನ.

ಕಾಯಿ ಇಳಿಸುವ ದಿನ ಬಂತು. ಆಳುಗಳು ಬಂದು ನಿಂತಿದ್ದರು. ಚಕ್ರದಡಿ ನಿಂಬೆಹಣ್ಣು ಇಟ್ಟು, ಆರತಿ ಎತ್ತಿ, ಸೈಲೆನ್ಸರಿನ ಬಾಯಿಗೆ ಉದ್ದದ ಕೊಳವೆ ಸಿಕ್ಕಿಸಿ ಕಿಟಕಿಯಾಚೆ ಬಿಟ್ಟೆವು. ಕೀಲಿ ತಿರುಗಿಸಿದೆ. ಅಬ್ಬಾ, ಆ ಸದ್ದು! ನಾಲ್ಕು ಜನ ಒಂದೇ ಶ್ರುತಿಯಲ್ಲಿ ಹಾಡಿದಂತಿತ್ತು. ಅಣ್ಣ ಅಟ್ಟದ ಕಡೆ ಮೂಗೆತ್ತಿ ಎರಡು ಸಲ ಮೂಸಿ ನೋಡಿದ. ವಾಸನೆಯಿಲ್ಲ. ಯಾರೂ ಕರೆಯದಿದ್ದರೂ ಬಂದು ನನ್ನ ಪಕ್ಕ ಕೂತ. ಸೈಲೆನ್ಸರಿನ ಕೊಳವೆ ಕೀಳಿಸಿ, ಗೇರ್ ಹಾಕಿ, ನೇರ ಬಾಗಿಲಾಚೆ ಬಂದೆ. ರಸ್ತೆ ಇರುವುದು ಎಡಕ್ಕೆ. ಎಡಕ್ಕೆ ತಿರುಗಿಸಿದೆ. ಟಕ್ ಎಂದು ಸ್ಟೀರಿಂಗ್ ನಿಂತಿತು.

ಸ್ಟೀರಿಂಗ್ ಕಂಬಿಯ ಗೆಣ್ಣು ಎಡಕ್ಕೆ ಹೊರಳುವ ಜಾಗಕ್ಕೆ ಮೂರನೆಯ ಕೊಳವೆ ಅಡ್ಡ ಬಂದಿತ್ತು. ಸಮ ಮಾಡುವ ಭರದಲ್ಲಿ ಬಳಸಿ ತಂದೆವಲ್ಲ, ಅದೇ. ಎದುರಿಗೆ ತೆಂಗಿನಮರ. ಬೇರೆ ದಾರಿ ಕಾಣದೆ ಬಲಕ್ಕೆ ತಿರುಗಿಸಿದೆ. ಮತ್ತೆ ಬಲಕ್ಕೆ, ಮತ್ತೂ ಬಲಕ್ಕೆ. ಕೊಬ್ಬರಿಮನೆಯನ್ನು ಒಂದು ಸುತ್ತು ಹಾಕಿ ಅದೇ ಬಾಗಿಲಿಗೆ ಬಂದೆವು. ನಿಲ್ಲಿಸಿದರೆ ಸೋತಂತೆ ಎನ್ನಿಸಿ ಇನ್ನೊಂದು ಸುತ್ತು ಹೋದೆ. ಆಳುಗಳಲ್ಲಿ ಒಬ್ಬಾಕೆ ಕೈಮುಗಿದಳು. "ಏನ್ಲಾ, ಪ್ರದಕ್ಷಿಣೆ ಹಾಕೋ ಹರಕೆ ಗಿರಕೆ ಹೊತ್ತಿದ್ಯಾ?" ಎಂದ ಅಣ್ಣ.

ಮೂರನೆಯ ಸುತ್ತಿನಲ್ಲಿ ಒಪ್ಪಿಕೊಂಡೆ. ಒಂದು ಕೊಳವೆಯನ್ನು ಕತ್ತರಿಸಿ ಗಿಡ್ಡ ಮಾಡಲೇಬೇಕು, ಅದೊಂದು ಗಿಡ್ಡವಾದರೆ ನಾಲ್ಕು ತಿಂಗಳ ಲೆಕ್ಕಾಚಾರವೆಲ್ಲ ನೀರುಪಾಲು ಎಂದೆ. ಹೇಳುತ್ತಾ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡೆ, ನಾಚಿಕೆಯೂ ಆಯಿತು.

ಅಣ್ಣ ಮರಗಳ ಕಡೆ ನೋಡುತ್ತಾ ಕೂತಿದ್ದ. "ಕುಯ್ದಾಕು, ಅದಕ್ಯಾಕೆ ಅಳ್ತೀಯ. ನಾನು ಏಳ್ನೇ ಕ್ಲಾಸಿಗೇ ಇಸ್ಕೂಲ್ ಬುಟ್ಟು ತೋಟಕ್ಕಿಳಿದೆ, ನೀನು ಮೈಸೂರಲ್ಲಿ ಕೂತು ಎಮ್ಮೆಸ್ಸಿ ಓದ್ದೆ. ನಮ್ಮನೆ ಗಾಡಿ ಓಡ್ಲಿಲ್ವಾ?" ಎಂದ. ದನಿಯಲ್ಲಿ ಕೊಂಕಿರಲಿಲ್ಲ. ಅದು ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಮತ್ತೆ ಬಲಕ್ಕೆ ತಿರುಗಿಸಿದೆ.

ಮಾರನೆಯ ದಿನ ಆಚಾರ್ರು ಗ್ರೈಂಡರ್ ಹಿಡಿದು ಕೂತು, "ಎಲ್ಲಿ ಕುಯ್ಲಿ ಮೇಷ್ಟ್ರೇ, ಗುರ್ತಾಕಿ" ಎಂದರು. ಬಳಪ ಹಿಡಿದ ಕೈ ಮುಂದಕ್ಕೆ ಹೋಗಲೇ ಇಲ್ಲ. ಹೊಗೆಯ ಪಾಲಿಗೆ ಅನ್ಯಾಯವಾಗಬಾರದೆಂದು ಕೂದಲೆಳೆಯಷ್ಟು ಲೆಕ್ಕ ಹಾಕಿದ ನಾನು, ಅಣ್ಣನ ಪಾಲನ್ನು ಈವರೆಗೆ ಒಂದು ದಿನವಾದರೂ ಅಳೆದು ನೋಡಿರಲಿಲ್ಲ.